ಮಂತ್ರವಾದಿಯ ಎದೆಕವಚ

ನನ್ನ ಗಂಡ ಮಂತ್ರವಾದಿಯಾಗಿದ್ದ. ಆಟದಲ್ಲಿ ಮಾತ್ರ. ಉಳಿದ ದಿನ ಕುರಿ ಕಾಯುತ್ತಿದ್ದ, ಉಣ್ಣೆ ಕತ್ತರಿಸುತ್ತಿದ್ದ, ಇಬ್ಬರೂ ಸೇರಿ ಕಂಬಳಿಗೆ ನೂಲು ಮಾಡುತ್ತಿದ್ದೆವು. ಆಟ ಎಂದರೆ ನಮ್ಮ ಕಡೆಯ ಬಯಲಾಟ, ಮೂಡಲಪಾಯ. ಮಧುಗಿರಿ ಬೆಟ್ಟ ನಮ್ಮ ಹಟ್ಟಿಯ ಬಾಗಿಲಿಗೇ ಕಾಣುತ್ತಿತ್ತು. ನಮ್ಮ ಊರಲ್ಲೇ ಒಂದು ಮೇಳ ಇತ್ತು. ಸುಗ್ಗಿ ಮುಗಿದ ಮೇಲೆ ಕರೆದ ಊರಿಗೆ ಹೋಗಿ ಆಡಿ ಬರುತ್ತಿದ್ದರು. ಎಪ್ಪತ್ತನೇ ಇಸವಿ ದಾಟಿದ ಕಾಲದ ಮಾತು.

ನಾನು ಅಕ್ಷರ ಕಲಿತದ್ದು ರಾತ್ರಿ ಶಾಲೆಯಲ್ಲಿ, ಅದೂ ಮಕ್ಕಳಾದ ಮೇಲೆ. ಒತ್ತಕ್ಷರ ಈಗಲೂ ತಪ್ಪುತ್ತವೆ. ಸುತ್ತಿ ಬಳಸಿ ಬರೆಯಲು ನನಗೆ ಬರುವುದಿಲ್ಲ, ಆದದ್ದನ್ನು ಆದಂತೆ ಬರೆಯುತ್ತೇನೆ.

ಮೊದಲು ಅವನ ವೇಷ ಹೇಗಿತ್ತು ಎಂದರೆ, ಒಂದು ಕರಿ ಪಂಚೆ, ಮೈಗೆ ಬೂದಿ, ಪುಂಡಿ ನಾರಿನ ಗಡ್ಡ, ಸೊಂಟಕ್ಕೆ ಒಂದು ಚೀಲ. ಅಷ್ಟೇ. ರಾಜನ ವೇಷದವರಿಗೆ ಮರದ ಕಿರೀಟ, ಮರದ ಭುಜಕೀರ್ತಿ, ಕನ್ನಡಿ ಚೂರು, ಹೊಳೆಯುವ ಬೇಗಡೆ ಕಾಗದ ಎಲ್ಲಾ ಇರುತ್ತಿತ್ತು. ಇವನಿಗೆ ಏನೂ ಇಲ್ಲದ ಕಾರಣ ಕೈಕಾಲು ಸಡಿಲವಾಗಿ ಆಡುತ್ತಿದ್ದವು. ಕಂಬಳಿ ಕೊಡವಿದರೆ ಕೋಳಿಮರಿ ಬೀಳುತ್ತಿತ್ತು. ಬಾಯೊಳಗಿಂದ ಬಣ್ಣದ ದಾರ ಎಳೆದರೆ ಮುಗಿಯುತ್ತಲೇ ಇರಲಿಲ್ಲ. ಆಮೇಲೆ ರಾಳ. ರಾಳ ಎಂದರೆ ಮರದ ಅಂಟು. ಶಿರಾದ ಗಂದಿಗೆ ಅಂಗಡಿಯಿಂದ ತಂದು ಒರಳಲ್ಲಿ ನುಣ್ಣಗೆ ಕುಟ್ಟಿ ಚೀಲಕ್ಕೆ ತುಂಬಿಕೊಡುವುದು ನನ್ನ ಕೆಲಸ. ಎಡಗೈಯಲ್ಲಿ ಪಂಜನ್ನು ದೂರ ಹಿಡಿದು, ಬಲಗೈಯಲ್ಲಿ ಒಂದು ಹಿಡಿ ರಾಳವನ್ನು ಪಂಜಿನ ಮೇಲೆ ಬೀಸಿದರೆ ಭಗ್ ಎಂದು ಬೆಂಕಿ ಆಳೆತ್ತರ ಏಳುತ್ತಿತ್ತು. ಮುಂದೆ ಕೂತವರು ಹಿಂದಕ್ಕೆ ಬೀಳುತ್ತಿದ್ದರು. ತೋಳು ಪೂರ್ತಿ ಚಾಚಿರಬೇಕು, ಬಲಗೈ ಹೆಗಲ ಮೇಲಿಂದ ಬರಬೇಕು. ಎರಡರಲ್ಲಿ ಒಂದು ತಪ್ಪಿದರೂ ಬೆಂಕಿ ತನ್ನ ಮೇಲೇ ಬರುತ್ತದೆ.

ಹಾಳಾದದ್ದು ಎಲ್ಲಿಂದ ಎಂದರೆ ಅವನು ಚೆನ್ನಾಗಿ ಆಡಿದ್ದರಿಂದ. ದಿಗಿಲು ಬಿದ್ದ ಮಕ್ಕಳನ್ನು ಆಟ ಮುಗಿದ ಮೇಲೆ ಅವನ ಮುಂದೆ ತಂದು ಕೂರಿಸುತ್ತಿದ್ದರು. ಅವನು ವೇಷದಲ್ಲೇ ಹಣೆಗೆ ಬೂದಿ ಹಚ್ಚಿ "ಓಗು, ಇನ್ಮೇಲೆ ನೀನೇ ಎಲ್ರುನೂ ಹೆದರ್ಸು" ಎನ್ನುತ್ತಿದ್ದ. ಮಕ್ಕಳು ತಾವಾಗಿ ವಾಸಿಯಾಗುತ್ತಿದ್ದವೋ ಬೂದಿಯಿಂದಲೋ ನನಗೆ ಗೊತ್ತಿಲ್ಲ. ವಾಸಿಯಾದವರು ಹರಕೆ ತೀರಿಸುತ್ತಿದ್ದರು. ನಮ್ಮಲ್ಲಿ ವೇಷಕ್ಕೆ ಹರಕೆ ಹೊರುವ ಪದ್ಧತಿ ಇದೆ. ಆ ವೇಷಕ್ಕೆ ಒಂದು ವಸ್ತು ಮಾಡಿಸಿ ಕೊಡುವುದು. ಕೊಟ್ಟವರ ಊರಲ್ಲಿ, ಅವರ ಕಣ್ಣಮುಂದೆ ಅದನ್ನು ಹಾಕಿಕೊಂಡು ಆಡಲೇಬೇಕು. ಒಮ್ಮೆ ವೇಷದ ಪೆಟ್ಟಿಗೆಗೆ ಸೇರಿ ಪೂಜೆಯಾದ ವಸ್ತುವನ್ನು ಬೇರೆ ಊರಿನ ಆಟದಲ್ಲೂ ಬೇಡ ಎನ್ನುವಂತಿಲ್ಲ.

ಒಬ್ಬರು ಗೆಜ್ಜೆಯ ನಡುಪಟ್ಟಿ ಕೊಟ್ಟರು. ಅದು ಘಲ್ ಎನ್ನುವುದರಿಂದ ಕೋಳಿಮರಿ ಬೆದರಿ ಮುಂಚೆಯೇ ಕೂಗಿಬಿಡುತ್ತಿತ್ತು, ಕೋಳಿಮರಿ ಹೋಯಿತು. ಇನ್ನೊಬ್ಬರು ಮರದ ತೋಳ್ಬಂದಿ ಕೊಟ್ಟರು. ದಾರದ ಉಂಡೆ ಬಚ್ಚಿಡುವ ಜಾಗ ಅದೇ ತೋಳು, ದಾರವೂ ಹೋಯಿತು. ಮತ್ತೊಬ್ಬರು ಭುಜಕೀರ್ತಿ ಕೊಟ್ಟರು. ರಾಜನದ್ದಕ್ಕಿಂತ ದೊಡ್ಡದು. ಅದನ್ನು ಕಟ್ಟಿದರೆ ತೋಳು ಕಿವಿಯ ಮಟ್ಟಕ್ಕೂ ಏಳುತ್ತಿರಲಿಲ್ಲ. ಬೀಸುತ್ತಿದ್ದ ರಾಳವನ್ನು ಉದುರಿಸತೊಡಗಿದ. ಬೆಂಕಿ ಮೊಣಕಾಲೆತ್ತರಕ್ಕೆ ಇಳಿಯಿತು. ಜನ ಮಾತ್ರ ಹೊಳೆಯುವುದನ್ನು ನೋಡಿ "ಏನ್ ಮಂತ್ರವಾದಿನಪ್ಪಾ" ಎನ್ನುತ್ತಿದ್ದರು.

ಕೊನೆಗೆ ಬಂದದ್ದು ಎದೆಕವಚ. ಪಾವಗಡದ ಆಚೆಯ ಒಬ್ಬ ಅಜ್ಜಿ ತನ್ನ ಮೊಮ್ಮಗಳಿಗಾಗಿ ಹೊತ್ತ ಹರಕೆ. ಶಿರಾದಲ್ಲಿ ತಗಡು ಬಡಿಯುವ ಸಾಬರ ಹತ್ತಿರ ಮಾಡಿಸಿದ್ದು. ಕುತ್ತಿಗೆಯಿಂದ ಹೊಟ್ಟೆಯವರೆಗೆ ತಗಡು, ಮೇಲೆ ಬೇಗಡೆ, ಒಳಗೆ ಮೈ ಕೊರೆಯದಿರಲಿ ಎಂದು ಹತ್ತಿ ತುಂಬಿದ ಬಟ್ಟೆ, ಬೆನ್ನಿಗೆ ಹಗ್ಗ. ಸಾಬರು ಮನಸ್ಸಿಟ್ಟು ಮಾಡಿದ್ದರು, ಅವರದೇನೂ ತಪ್ಪಿಲ್ಲ. "ಇದು ಪೂರಾ ಮಜಬೂತ್ ಐತಮ್ಮ, ಕತ್ತಿ ಅಲ್ಲ, ಬಂಡಿ ಹತ್ತಿದ್ರೂ ಏನೂ ಆಗಾಕಿಲ್ಲ" ಎಂದು ನಾನು ರಾಳ ತರಲು ಹೋದಾಗ ಹೇಳಿದ್ದರು. ಬಂಡಿ ಹತ್ತುವ ಆಟ ಯಾವುದೂ ಇರಲಿಲ್ಲ.

ಆ ಕವಚ ಹಾಕಿಕೊಂಡು ಅವನು ಮೊದಲು ಆಡಿದ್ದು ಹೊಳವನಹಳ್ಳಿ ಹತ್ತಿರದ ಒಂದು ಊರಲ್ಲಿ. ನಾನು ಹೋಗಿರಲಿಲ್ಲ. ಬೆಳಿಗ್ಗೆ ಮನೆಗೆ ಬಂದಾಗ ಗಡ್ಡ ಇರಲಿಲ್ಲ. ನಾರಿನ ಗಡ್ಡವೂ ಇಲ್ಲ, ತನ್ನದೇ ಹುಬ್ಬೂ ಇಲ್ಲ. ಕೆಳದುಟಿ ಬೊಬ್ಬೆ ಎದ್ದಿತ್ತು. ಕವಚದ ಒಳಗಿನ ಹತ್ತಿ ಒಂದು ಕಡೆ ಕರಕಲಾಗಿತ್ತು. ಹಿಂದೆ ನನ್ನ ಮೈದುನ ಬಂದ. ಅವನು ಆಟದಲ್ಲಿ ಮಂತ್ರವಾದಿಯ ಶಿಷ್ಯ, ಅದೇ ಹಾಸ್ಯದ ಪಾತ್ರವೂ ಹೌದು. ಆಡದ ದಿನದಲ್ಲೂ ಆ ಪಾತ್ರ ಬಿಡುತ್ತಿರಲಿಲ್ಲ.

"ಅತ್ಗೆ, ಅಣ್ಣ ಬೆಂಕಿ ಉಗುಳ್ದ ಕಣಮ್ಮ. ಜನ ಎಲ್ಲ ಎದ್ನಿಂತು ಚಪ್ಪಾಳೆ ಹೊಡುದ್ರು" ಎಂದ.

"ಆರ್ಸಿದ್ಯಾರು?"

"ನಾನೇ. ಮದ್ದಳೆಯೋರು ಕುಡಿಯಕ್ಕೆ ಇಟ್ಕಂಡಿದ್ದ ನೀರು ಎತ್ತಿ ಉಯ್ದೆ. ಅದ್ಕೂ ಚಪ್ಪಾಳೆ ಹೊಡುದ್ರು."

ಲೋಳೆಸರ ಸೀಳಿ ತುಟಿಗೆ ಹಚ್ಚಿದೆ. ಅವನ ಕೈ ಎರಡನ್ನೂ ತಿರುಗಿಸಿ ನೋಡಿದೆ. ಎಡಗೈ ಬೆರಳ ಬುಡದಲ್ಲಿ ಕೆಂಪಗಾಗಿತ್ತು, ಸುಟ್ಟಿರಲಿಲ್ಲ. ಉಣ್ಣೆ ಕತ್ತರಿಸುವವನಿಗೆ ಎರಡು ಕೈಯೂ ಬೇಕು. ಕತ್ತರಿ ಒಂದರಲ್ಲಿ, ಕುರಿಯ ಚರ್ಮ ಬಿಗಿ ಹಿಡಿಯಲು ಇನ್ನೊಂದು. ನಮ್ಮ ಮನೆಯಲ್ಲಿ ಕುರಿಯ ಕಾಲು ಕಟ್ಟುವವನು ಮೈದುನ, ಕತ್ತರಿಸುವವನು ಗಂಡ. ಮೈದುನ ಹಾಕುವ ಗಂಟು ಸುತ್ತಲ ಹಟ್ಟಿಗಳಿಗೆಲ್ಲ ಗೊತ್ತು. ಕುರಿ ಒದ್ದಷ್ಟೂ ಬಿಗಿಯುತ್ತಿತ್ತು. ಬಿಚ್ಚುವಾಗ ಹಗ್ಗದ ತುದಿಯನ್ನು ಎಳೆಯದೆ ಗಂಟಿನೊಳಕ್ಕೇ ನೂಕಿದರೆ ಸಡಿಲವಾಗುತ್ತಿತ್ತು. ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ.

"ಇನ್ನೊಂದ್ಸಲ ಇಂಗೇ ಆದ್ರೆ ಕೈ ಓಯ್ತದೆ" ಎಂದೆ ಗಂಡನಿಗೆ. "ಆಮೇಲೆ ಉಣ್ಣೆ ನಿಮ್ಮಪ್ಪ ಬಂದು ಕತ್ತರಿಸ್ತಾನಾ?"

"ನಮ್ಮಪ್ಪ ಸತ್ತು ಎಷ್ಟು ವರ್ಸ ಆಯ್ತು."

"ಅದ್ಕೇ ಕೇಳ್ದೆ. ರಾಳ ಬುಡು."

"ರಾಳ ಬುಟ್ರೆ ಮಂತ್ರವಾದಿ ಎಲ್ಲವ್ನೆ? ತಗಡು ಕಟ್ಕಂಡು ನಿಂತ್ಕಂಡ್ರೆ ಸೀಮೆಎಣ್ಣೆ ಡಬ್ಬ ಅಂತಾರೆ."

"ಅಂಗಾರೆ ತಗಡು ಬುಡು."

ಅವನು ತುಟಿ ಮುಟ್ಟಿಕೊಂಡ. ಆಮೇಲೆ ಹೇಳಿದ. "ಮುಂದಿನ ಆಟ ಆ ಅಜ್ಜಿ ಊರಲ್ಲೇ ಐತೆ. ಕವಚ ಆಕ್ಕಳ್ದೆ ಓದೆ ಅಂತ ಇಟ್ಕ. ನಾಳೆ ಆ ಮಗೀಗೆ ಮತ್ತೆ ಜ್ವರ ಬಂದ್ರೆ? ಜನ ಅನ್ನೋದು ಅತ್ಲಾಗಿರ್ಲಿ. ನಂಗೇ ಅಂಗನ್ಸುತ್ತೆ. ನನ್ನಿಂದ ಬಂತು ಅಂತ."

ಬೂದಿಯಲ್ಲಿ ನನಗೆ ನಂಬಿಕೆ ಇಲ್ಲದಿದ್ದರೂ ಅವನಿಗೆ ಸ್ವಲ್ಪ ಇತ್ತು. ಇಲ್ಲದೆ ಇದ್ದಿದ್ದರೆ ಮಕ್ಕಳು ಅಷ್ಟು ಹೊತ್ತು ಅವನ ಮುಂದೆ ಕೂರುತ್ತಿರಲಿಲ್ಲ. ಕವಚ ತೊಟ್ಟರೆ ಸುಟ್ಟುಕೊಳ್ಳುತ್ತಾನೆ, ಬಿಟ್ಟರೆ ಆ ಮಗು ಕೆಮ್ಮಿದಾಗಲೆಲ್ಲ ಇವನ ನಿದ್ದೆ ಕೆಡುತ್ತದೆ. ನಾನು ಎರಡು ದಿನ ಯೋಚಿಸಿದೆ. ಮೂರನೇ ದಿನ ಒಂದು ಕಂಬಳಿ ಹೆಗಲಿಗೆ ಹಾಕಿಕೊಂಡು ಮಧುಗಿರಿಗೆ ನಡೆದು ಪಾವಗಡದ ಬಸ್ಸು ಹತ್ತಿದೆ. ಕಂಬಳಿ ಮಾರಿ ಬರುತ್ತೇನೆ ಎಂದು ಹೇಳಿದ್ದೆ.

ಆ ಊರು ವಳ್ಳೂರಿನ ಕಡೆಯದು. ಈಗ ಅಲ್ಲಿ ಬಿಸಿಲಿಗೆ ಗಾಜಿನ ಹಲಗೆ ಹಾಸಿ ಕರೆಂಟು ತೆಗೆಯುತ್ತಾರೆ. ಆಗ ಬರೀ ಬಯಲು, ಕುರಿಗೆ ಒಳ್ಳೆಯ ಜಾಗ. ಅಜ್ಜಿ ಅಂಗಳದಲ್ಲಿ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದಳು. ಪಕ್ಕದಲ್ಲಿ ಹರಕೆಯ ಮೊಮ್ಮಗಳು ಸಿಪ್ಪೆ ತಿನ್ನುತ್ತಿತ್ತು. ಗುಂಡಗೆ ಚೆನ್ನಾಗಿತ್ತು. ನಾನು ಮಂತ್ರವಾದಿಯ ಹೆಂಡತಿ ಎಂದೆ. ಅಜ್ಜಿ ತಲೆಯಿಂದ ಕಾಲಿನವರೆಗೂ ನೋಡಿದಳು.

"ಕೂಕೋ ತಲ್ಲಿ" ಎಂದಳು. ಕೂತುಕೋ ತಾಯಿ ಎಂದು. ಅವರ ಮಾತು ಅರ್ಧ ತೆಲುಗು. "ಮಂತ್ರವಾದಿ ಪೆಳ್ಳಾಂ ಅಂದ್ರೆ ಇನ್ನೂ ಎತ್ತರ ಇರ್ತೀಯ ಅನ್ಕೊಂಡಿದ್ದೆ. ಕವಚ ಚೆನ್ನಾಗೈತಾ?"

"ಚೆನ್ನಾಗೈತೆ ಅಜ್ಜಮ್ಮ. ನನ್ ಗಂಡನ್ ಮುಖ ಸುಟ್ತು."

ನೇರವಾಗಿಯೇ ಹೇಳಿದೆ. ತೋಳು ಏಳುವುದಿಲ್ಲ, ಪಂಜು ದೂರ ಹೋಗುವುದಿಲ್ಲ, ಬೆಂಕಿ ಎದೆಗೇ ಬರುತ್ತದೆ, ಒಳಗಿರುವುದು ಹತ್ತಿ. ಅಜ್ಜಿ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಲಿಲ್ಲ.

"ಮೊಕ್ಕು ಅಂದ್ರೆ ಮೊಕ್ಕೇ ಅಮ್ಮಾಯಿ" ಎಂದಳು. ಹರಕೆ ಎಂದರೆ ಹರಕೆಯೇ. "ನಾನೇನು ನಿನ್ ಗಂಡನ್ನ ಸುಡಾಕೆ ಕೊಟ್ನಾ? ಕತ್ತಿ ತಾಕ್ಬಾರ್ದು ಅಂತ ಕೊಟ್ಟೆ. ನನ್ ಮನವರಾಲಿನ, ಈ ಮಗೀನ ಉಳಿಸ್ದೋನು, ಅವ್ನ ಎದೆ ಮೇಲೆ ಬರೀ ಬೂದಿ ಇದ್ರೆ ಹೆಂಗೆ?"

"ಬೆಳಗಾಗೋ ಗಂಟ ಆಕ್ಕಂಡೇ ಇರ್ಬೇಕಾ?"

"ಬೆಳಗಾಗೋ ಗಂಟ ನಾನು ಎಚ್ಚರ ಇದ್ರೆ ತಾನೆ? ಉಂಡ್ರೆ ನಿದ್ದೆ ಬತ್ತದೆ ನಂಗೆ. ಆ ಮಗಿಗೂ ಅಷ್ಟೇ. ಒಂದ್ಸಲ ಅವ್ನ ಮೈಮೇಲೆ ಹೊಳೀಬೇಕು, ನಾವಿಬ್ರೂ ಕಣ್ತುಂಬ ನೋಡ್ಬೇಕು. ಆಮೇಲೆ ಅದ್ನ ಕತ್ತೆಗೆ ಕಟ್ಟು, ನಂಗೇನು?"

ನಾನು ಹೆಗಲ ಮೇಲಿನ ಕಂಬಳಿ ಇಳಿಸಿ ಪಕ್ಕಕ್ಕಿಟ್ಟೆ. ಆದರೆ ಅಜ್ಜಿ ಅಷ್ಟಕ್ಕೇ ಬಿಡಲಿಲ್ಲ. ಬೆರಳು ಎತ್ತಿ ಹೇಳಿದಳು. "ಒಳಗೋಗಿ ಕದ್ದು ಬಿಚ್ಚಿಕ್ಬಾರ್ದು. ಎಲ್ರ ಮುಂದೆ ಬಿಚ್ಚಿ, ಬಟ್ಟೆ ಆಸಿ, ಅದರ್ಮೇಲೆ ಇಡ್ಬೇಕು. ಮರ್ಯಾದೆಯಿಂದ."

ಕಂಬಳಿಯನ್ನು ಅವಳೇ ತೆಗೆದುಕೊಂಡಳು. ಚೌಕಾಸಿ ಮಾತ್ರ ಮಧ್ಯಾಹ್ನದವರೆಗೂ ಮಾಡಿದಳು.

ಊರಿಗೆ ಬಂದು ಭಾಗವತರಿಗೆ ಹೇಳಿದೆ. ಭಾಗವತರೆಂದರೆ ಮೇಳದ ಯಜಮಾನರು, ಪದ ಹಾಡಿ ಆಟ ನಡೆಸುವವರು. ವಯಸ್ಸಾದವರು. ಅವರು ಮಂತ್ರವಾದಿಯ ಪ್ರವೇಶವನ್ನು ದೀಪ ಹಚ್ಚಿದ ಹೊತ್ತಿಗೇ ತರೋಣ, ಅಜ್ಜಿ ಮಲಗುವ ಮುಂಚೆ, ಎಂದರು. ಆದರೆ ಕವಚ ರಂಗದ ಮೇಲೆ ಬಿಚ್ಚುವುದಕ್ಕೆ ಕಾರಣ ಬೇಕು. ಯುದ್ಧಕ್ಕೆ ಬಂದವನು ಕವಚ ಬಿಚ್ಚುತ್ತಾನೆ ಎಂದರೆ ಜನ ನಗುತ್ತಾರೆ.

ಕಣದಲ್ಲಿ ತಾಲೀಮು ನಡೆಯುತ್ತಿತ್ತು. ನಾನು ಮಜ್ಜಿಗೆ ಕೊಡಲು ಹೋದವಳು ಅಲ್ಲೇ ನಿಂತೆ. ಭಾಗವತರು ತಾಳ ಕೆಳಗಿಟ್ಟು ಯೋಚಿಸಿ ಹೇಳಿದರು.

"ಇಂಗ್ಮಾಡಾನ. ಕವಚ ಇರೋ ಗಂಟ ಮಂತ್ರವಾದಿಗೆ ಕತ್ತಿ ತಾಕಲ್ಲ. ಆದ್ರೆ ಮಂತ್ರವೂ ಬರಲ್ಲ. ತಗಡು ಅಡ್ಡ ಬತ್ತದೆ. ಕವಚ ಬಿಚ್ಚಿದ್ರೆ ಮಂತ್ರ ಬತ್ತದೆ. ಆದ್ರೆ ಅವಾಗ ಕಡ್ಡಿ ತಾಕಿದ್ರೂ ಸತ್ತ."

ಎಲ್ಲರೂ ತಲೆಯಾಡಿಸಿದರು. ರಾಜನ ಪಾತ್ರದವನು ಮಾತ್ರ ಒಪ್ಪಲಿಲ್ಲ. ಅವನು ಶಿರಾದ ಕಡಲೆಕಾಯಿ ಮಂಡಿಯಲ್ಲಿ ಮೂಟೆ ಹೊರುವವನು, ಆಳು ಭಾರಿ, ರೋಷವೂ ಭಾರಿ.

"ಕವಚ ಇದ್ರೆ ನಾನು ಹೊಡುದ್ರೂ ಸಾಯಲ್ಲ. ಬಿಚ್ಚಿದ್ರೆ ಬೆಂಕಿ ಉಗುದು ನನ್ನ ಸುಡ್ತಾನೆ. ಮತ್ತೆ ನಾನ್ಯಾಕೆ ಬರ್ಬೇಕು? ಮನೇಲಿ ಮನಿಕ್ಕತೀನಿ" ಎಂದ.

"ನಿಂಗೂ ಒಂದು ಗಳಿಗೆ ಇಡಾನ ಕಣಪ್ಪ" ಎಂದರು ಭಾಗವತರು. "ಬಿಚ್ತಾ ಇರ್ತಾನಲ್ಲ, ಅವಾಗ ಕವಚವೂ ಇಲ್ಲ ಮಂತ್ರವೂ ಇಲ್ಲ. ಅದು ನಿಂದು. ಅವಾಗ ನುಗ್ಗು. ಶಿಷ್ಯ ಅಡ್ಡ ಬರ್ತಾನೆ. ಮದ್ದಳೆ ಒಂದು ಸುತ್ತು ಮುಗಿಯೋದ್ರೊಳಗೆ ಬಿಚ್ಚಿದ್ರೆ ಅವ್ನು ಗೆದ್ದ, ಇಲ್ದಿದ್ರೆ ನೀನು."

"ಇದು ಆಟ" ಎಂದ ರಾಜ. ಮೊದಲ ಸಲ ನಕ್ಕ.

ಅಲ್ಲಿಂದ ಅದು ನಿಜವಾಗಿಯೂ ಆಟವಾಯಿತು. ಮೊದಲ ತಾಲೀಮಿನಲ್ಲಿ ನನ್ನ ಗಂಡ ಬಿಚ್ಚುವುದು ತಡವಾಗಿ ಸತ್ತ. ಎರಡನೇ ಸಲವೂ ಸತ್ತ. ರಾಜ ಕುಣಿದಾಡಿದ. ಆಮೇಲೆ ಭುಜಕೀರ್ತಿ, ತೋಳ್ಬಂದಿ, ಕವಚ ಎಲ್ಲಕ್ಕೂ ಒಂದೇ ಹಗ್ಗ ಮಾಡಿ ಬೆನ್ನ ಹಿಂದೆ ಜಾರುಗಂಟು ಹಾಕಿದರು. ತುದಿ ಹಿಡಿದು ಒಂದು ಸಲ ಎಳೆದರೆ ಎಲ್ಲಾ ಸಡಿಲವಾಗಿ ಶಿಷ್ಯನ ಕೈಗೆ ಬರಬೇಕು. ಬಂತು. ಕವಚದ ಕೆಳಗೆ ಏನು ಹಾಕುವುದು ಎಂದಾಗ ಹಳೆಯ ಕರಿ ಕಂಬಳಿ ಕೊಟ್ಟೆ. ಕಿಡಿ ಬಿದ್ದರೆ ಹತ್ತಿಯಂತೆ ಹತ್ತಿಕೊಳ್ಳುವುದಿಲ್ಲ, ಬಿದ್ದಲ್ಲೇ ಸುಟ್ಟ ನಾತ ಬಂದು ಆರುತ್ತದೆ. ಹಟ್ಟಿಯಲ್ಲಿ ಬೆಂಕಿ ಕಾಯಿಸುವ ಯಾರಿಗಾದರೂ ಗೊತ್ತಿರುವ ವಿಷಯ.

ಆಟದ ದಿನ ನಾನೂ ಹೋದೆ. ಸಾಯಂಕಾಲವೇ ಅಜ್ಜಿ ಮೊಮ್ಮಗಳನ್ನು ಮಡಿಲಲ್ಲಿಟ್ಟುಕೊಂಡು ಹೆಂಗಸರ ಕಡೆ ಮುಂದಿನ ಸಾಲಲ್ಲಿ ಕೂತಿದ್ದಳು. ನನ್ನನ್ನು ಪಕ್ಕಕ್ಕೆ ಎಳೆದುಕೊಂಡಳು. ಬಣ್ಣದ ಮನೆಗೆ ಹೆಂಗಸರು ಹೋಗುವಂತಿರಲಿಲ್ಲ. ವೇಷ ಕಟ್ಟುವುದು ಗಂಡಸರೇ. ಮಂತ್ರವಾದಿಗೆ ಕಟ್ಟುವವನು ಮೈದುನ. ಅಲ್ಲಿ ಏನಾಯಿತು ಎಂದು ಅವನೇ ಆಮೇಲೆ ಹೇಳಿದ. ಯಾರೋ ಬೇಗ ಬೇಗ ಎಂದರಂತೆ, ಮದ್ದಳೆ ಶುರುವಾಯಿತಂತೆ, ಅವನ ಕೈ ತನ್ನ ಪಾಡಿಗೆ ತಾನು ಕಟ್ಟಿತಂತೆ.

ದೀಪ ಹಚ್ಚಿದ ಸ್ವಲ್ಪ ಹೊತ್ತಿಗೆ ಮಂತ್ರವಾದಿ ಬಂದ. ಪೆಟ್ರೋಮ್ಯಾಕ್ಸ್ ಬೆಳಕಿಗೆ ಬೇಗಡೆ ಎಲ್ಲಾ ಹೊಳೆಯಿತು. ನಾನು ಅವನನ್ನು ಅಷ್ಟು ದೊಡ್ಡದಾಗಿ ನೋಡಿರಲಿಲ್ಲ. ಅಜ್ಜಿ ಮೊಮ್ಮಗಳ ಗಲ್ಲ ಹಿಡಿದು ಎತ್ತಿದಳು.

"ಚೂಡು, ಚೂಡು. ನಿಂದು ಅದು. ನೋಡ್ಕೋ."

ಮಗು ನೋಡಿತು. ಅಜ್ಜಿ ಕೈ ಮುಗಿದಳು. ಹರಕೆ ತೀರಿತು ಅಲ್ಲಿಗೆ. ಉಳಿದದ್ದು ನನ್ನದು.

ರಾಜ ಬಂದು ಕತ್ತಿಯಿಂದ ಕವಚಕ್ಕೆ ಠಣ್ ಎಂದು ಹೊಡೆದ. ಮಂತ್ರವಾದಿ ನಕ್ಕ. ಮಂತ್ರವಾದಿ ಕೈ ಎತ್ತಿ ಮಂತ್ರ ಹೇಳಿದ. ಏನೂ ಆಗಲಿಲ್ಲ, ರಾಜ ನಕ್ಕ. ಭಾಗವತರು ಆ ಕಟ್ಟಳೆಯನ್ನು ಪದವಾಗಿ ಹಾಡಿದರು. ಜನಕ್ಕೆ ಕೂಡಲೇ ಗೊತ್ತಾಯಿತು. ಒಬ್ಬ ಮುದುಕ "ಬಿಚ್ಚಾಕ್ಲಾ ಮತ್ತೆ" ಎಂದ. ಶಿಷ್ಯ ಪಂಜು ಹತ್ತಿಸಿ ತಂದು ಗುರುವಿನ ಎಡಗೈಗೆ ಕೊಟ್ಟ, ನೆಲಕ್ಕೆ ಬಟ್ಟೆ ಹಾಸಿದ. ಮದ್ದಳೆಯ ಸುತ್ತು ಶುರುವಾಯಿತು. ರಾಜ ಕತ್ತಿ ಬೀಸುತ್ತಾ ಸುತ್ತತೊಡಗಿದ.

ಮಂತ್ರವಾದಿ ಬಲಗೈಯನ್ನು ಬೆನ್ನಿಗೆ ತಿರುಗಿಸಿ ಹಗ್ಗದ ತುದಿ ಎಳೆದ. ಬರಲಿಲ್ಲ. ಇನ್ನೊಮ್ಮೆ ಎಳೆದ. ಅವನ ಎದೆ ಕುಗ್ಗುವುದು ಕಂಡಿತು. ಎಳೆದಷ್ಟೂ ಕವಚ ಅವನನ್ನು ಬಿಗಿಯುತ್ತಿತ್ತು. ಶಿಷ್ಯನೂ ಹೋಗಿ ಎಳೆದ. ಇನ್ನೂ ಬಿಗಿಯಿತು. ಕಾಲು ಕಟ್ಟಿದ ಕುರಿ ಹೇಗೆ ಒಮ್ಮೆ ಒದ್ದು, ಮತ್ತೆ ಒದ್ದು, ಆಮೇಲೆ ಉಸಿರು ಹಿಡಿದು ಸುಮ್ಮನಾಗುತ್ತದೋ ಹಾಗೆ ನನ್ನ ಗಂಡ ಸುಮ್ಮನೆ ನಿಂತ. ನನಗೆ ಆ ನಿಲುವು ಗೊತ್ತು. ವರ್ಷಕ್ಕೆ ಎರಡು ಸಲ ನೋಡುತ್ತೇನೆ.

ಮದ್ದಳೆ ಸುತ್ತು ಮುಗಿಯುತ್ತಾ ಬಂತು. ಅವನು ಸೊಂಟದ ಚೀಲಕ್ಕೆ ಕೈ ಹಾಕಿದ. ಬಿಚ್ಚದೆಯೇ ಬೀಸಿಬಿಡೋಣ ಎಂದುಕೊಂಡಿದ್ದಾನೆ. ಎಡಗೈ ನೋಡಿದೆ, ಪಂಜು ಎದೆಗೆ ಒಂದು ಗೇಣು ದೂರದಲ್ಲಿತ್ತು. ಹಿಡಿ ತುಂಬ ರಾಳ ಮೇಲೆ ಬಂತು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ಮೈದುನನಿಗೆ ಕೂಗಿದೆ.

"ಲೇ, ಕುರಿಗಂಟು ಆಕಿದ್ದೀಯ ಕಣ್ಲಾ. ಎಳೀಬ್ಯಾಡ. ಒಳಕ್ಕೆ ನೂಕು."

ಹೆಂಗಸರ ಕಡೆಯಿಂದ ಆಟದ ನಡುವೆ ಯಾರೂ ಕೂಗಿದ್ದಿಲ್ಲ. ಮದ್ದಳೆಯವನ ಕೈ ನಿಂತಿತು. ಅಲ್ಲಿ ಕೂತಿದ್ದವರಲ್ಲಿ ಅರ್ಧ ಜನ ಕುರಿಯವರು. ಕುರಿಗಂಟು ಎಂದ ಕೂಡಲೇ ಅವರಿಗೆ ಎಲ್ಲಾ ಗೊತ್ತಾಗಿ ಗೊಳ್ಳೆಂದು ನಕ್ಕರು. "ನೂಕಪ್ಪಾ ನೂಕು" ಎಂದು ಒಂದು ಕಡೆ, "ನೆಟ್ಟರಾ, ಲೋಪಲಿಕಿ ನೆಟ್ಟು" ಎಂದು ತೆಲುಗಿನವರು ಇನ್ನೊಂದು ಕಡೆ. ಮೈದುನ ತನ್ನ ಕೈಯನ್ನೇ ಒಮ್ಮೆ ನೋಡಿಕೊಂಡ. ಆಮೇಲೆ ಗುರುವಿನ ಹಿಂದೆ ಹೋಗಿ ನಿಂತ.

ನನ್ನ ಗಂಡ ರಾಳದ ಮುಷ್ಟಿಯನ್ನು ಎತ್ತಿದಲ್ಲೇ ಹಿಡಿದಿದ್ದ. ನನ್ನ ಕಡೆ ನೋಡಿದ. ನೋಡಿ, ಮುಷ್ಟಿಯನ್ನು ಮೆಲ್ಲಗೆ ಕೆಳಗಿಳಿಸಿದ. ನನಗೆ ಬೇಕಾದದ್ದು ಅಷ್ಟೇ.

ಭಾಗವತರು ಹಳೆಯ ಆಸಾಮಿ. ತಾಳ ಒಂದು ಕುಟ್ಟಿ, "ಎಲೈ ಮಾಂತ್ರಿಕನೇ, ಈ ಕವಚವನ್ನು ಕಳಚುವುದಕ್ಕೆ ಯಾವ ಮಂತ್ರ?" ಎಂದು ರಾಗವಾಗಿ ಕೇಳಿದರು.

"ಅದು ನಮ್ಮ ಮನೆಯವಳ ಮಂತ್ರವಯ್ಯಾ ಭಾಗವತರೇ" ಎಂದ ಮಂತ್ರವಾದಿ, ಅದೇ ರಾಗದಲ್ಲಿ. "ನಾನು ಇನ್ನೂ ಕಲಿಯುತ್ತಿದ್ದೇನೆ."

ರಾಜ ಕತ್ತಿ ಇಳಿಸಿ ಹೊಟ್ಟೆ ಹಿಡಿದುಕೊಂಡ. ಅಷ್ಟರಲ್ಲಿ ಮೈದುನ ಹಗ್ಗದ ತುದಿ ಒಳಕ್ಕೆ ನೂಕಿದ್ದ. ಗಂಟು ಸಡಿಲವಾಯಿತು. ಭುಜಕೀರ್ತಿ ಜಾರಿತು, ತೋಳ್ಬಂದಿ ಜಾರಿತು, ಕವಚ ಮುಂದಕ್ಕೆ ವಾಲಿತು. ಮೈದುನ ಅದನ್ನು ಮಗುವನ್ನು ಎತ್ತಿದ ಹಾಗೆ ಎತ್ತಿ ಬಟ್ಟೆಯ ಮೇಲೆ ಮಲಗಿಸಿ ಒಂದು ನಮಸ್ಕಾರವನ್ನೂ ಹಾಕಿದ. ಆಟದ ಲೆಕ್ಕದಲ್ಲಿ ಮದ್ದಳೆಯ ಸುತ್ತು ಎಂದೋ ಮುಗಿದಿತ್ತು, ಮಂತ್ರವಾದಿ ಸಾಯಬೇಕಿತ್ತು. ರಾಜನಿಗೆ ಅದು ನೆನಪೇ ಆಗಲಿಲ್ಲ. ಆಮೇಲೆ ನೆನಪಾಗಿ ಒಂದು ವಾರ ಜಗಳ ಆಡಿದ.

ಕರಿ ಕಂಬಳಿಯಲ್ಲಿ ನನ್ನ ಗಂಡ ಸಣ್ಣದಾಗಿ ಕಂಡ. ಹೆಗಲು ಎರಡನ್ನೂ ಒಮ್ಮೆ ಅಲ್ಲಾಡಿಸಿದ. ಎಡತೋಳು ಪೂರ್ತಿ ಚಾಚಿದ, ಪಂಜು ದೂರ ಹೋಯಿತು. ಬಲಗೈ ಹೆಗಲ ಮೇಲಿಂದ ಬಂತು. ಭಗ್ ಎಂದಿತು. ಬೆಂಕಿ ಮೇಲೆ ಎದ್ದು ಚಪ್ಪರದ ಸೋಗೆಗೆ ತಾಕೀತೇನೋ ಎನ್ನುವಷ್ಟು ಹೋಗಿ ಆರಿತು. ಮೂರು ವರ್ಷದಿಂದ ಅವನು ಅಷ್ಟು ಎತ್ತರ ಬೀಸಿರಲಿಲ್ಲ. ಮುಂದಿನ ಸಾಲಿನವರು ಹಿಂದಕ್ಕೆ ಬಿದ್ದರು. ಅಜ್ಜಿಯೂ ಬಿದ್ದಳು. ಮಗು ಚಪ್ಪಾಳೆ ಹೊಡೆಯಿತು.

ಒಂದು ಕಿಡಿ ಕಂಬಳಿಯ ಮೇಲೆ ಬಿತ್ತು. ನಾನು ಅದನ್ನೇ ನೋಡಿದೆ. ಕೆಂಪಗಿತ್ತು, ಕಪ್ಪಗಾಯಿತು, ಹೋಯಿತು.

ನಾನು ಇನ್ನೂ ನಿಂತೇ ಇದ್ದೆ. ಹಿಂದಿನವರು ಕಾಣುವುದಿಲ್ಲ ಎಂದು ಗೊಣಗುತ್ತಿದ್ದರು. ಅಜ್ಜಿ ನನ್ನ ಸೆರಗು ಹಿಡಿದು ಎಳೆದಳು.

"ಕೂಕೋ ತಲ್ಲಿ. ಬತಿಕಿನಾಡು ಲೇ" ಎಂದಳು. ಬದುಕಿದ, ಕೂತುಕೋ ಎಂದು.

ಕೂತೆ. ಅಜ್ಜಿ ಸೊಂಟದಿಂದ ಎಲೆಅಡಿಕೆ ತೆಗೆದು ಕೊಟ್ಟಳು, ಹಾಕಿಕೊಂಡೆ. ಅವಳು ಅಲ್ಲೇ ಮೊಮ್ಮಗಳ ಮೇಲೆ ವಾಲಿ ನಿದ್ದೆ ಹೋದಳು. ಮುಂದಿನ ಆಟ ನಾನೂ ಸರಿಯಾಗಿ ನೋಡಲಿಲ್ಲ. ನೋಡುವಂಥದ್ದು ಆಗಿಹೋಗಿತ್ತು.

ಬೆಳಿಗ್ಗೆ ಬಸ್ಸಿಗೆ ಕಾಯುತ್ತಾ ಕೂತಾಗ ಮೈದುನ ನನ್ನಿಂದ ದೂರ, ವೇಷದ ಪೆಟ್ಟಿಗೆಯ ಆಚೆ ಕೂತಿದ್ದ.

"ಬಾರ್ಲಾ ಇಲ್ಲಿ. ಹೊಡಿಯಾಕಿಲ್ಲ" ಎಂದೆ.

"ಅತ್ಗೆ, ನಾನಲ್ಲ ಕಣಮ್ಮ. ಕೈ ಕಟ್ಟುಬುಡ್ತು."

"ನಿನ್ ಕೈಗೆ ಎದುರ್ಗಿರೋದು ಕುರಿಯೋ ಅಣ್ಣನೋ ಗೊತ್ತಾಗಲ್ವಾ?"

"ಬೆನ್ ಕಡೆಯಿಂದ ನೋಡಿದ್ರೆ ಎಲ್ಡೂ ಒಂದೇ ತರ ಅವ್ರೆ" ಎಂದ. ನನ್ನ ಗಂಡ ಟವೆಲ್ಲಿನಿಂದ ಅವನಿಗೆ ಒಂದು ಬಿಟ್ಟ.

ಗಂಡನಿಗೆ ಮುಖ ತೊಳೆಯಲು ಚೊಂಬಲ್ಲಿ ನೀರು ಹಾಕಿದೆ. ಎರಡು ಕೈ ಜೋಡಿಸಿ ಚಾಚಿದ. ನೀರು ಹಾಕುತ್ತಾ ನೋಡಿದೆ. ಅಂಗೈ ನೋಡಿದೆ, ತಿರುಗಿಸು ಎಂದು ಹಿಂಗೈಯನ್ನೂ ನೋಡಿದೆ. ಬಣ್ಣ, ಮಸಿ, ರಾಳದ ಜಿಗುಟು. ತೊಳೆದ ಮೇಲೆ ಏನೂ ಇರಲಿಲ್ಲ. ಹುಬ್ಬು ಕೂಡ ಸ್ವಲ್ಪ ಬೆಳೆದಿತ್ತು.

"ಏನ್ ನೋಡ್ತೀಯ?" ಎಂದ.

"ಮಂಗ್ಳಾರ ಉಣ್ಣೆ ಕತ್ತರಿಸ್ಬೇಕು" ಎಂದೆ.

ಆಮೇಲೆ ಎಂಬತ್ತರ ಸುಮಾರಿನವರೆಗೂ ಆ ಮೇಳ ನಡೆಯಿತು. ಹರಕೆಯ ವಸ್ತುಗಳು ಇನ್ನೂ ಬಂದವು, ಸೊಂಟಕ್ಕೆ, ಮಂಡಿಗೆ, ಬೆನ್ನಿಗೆ. ಅವನು ಎಲ್ಲವನ್ನೂ ಹೇರಿಕೊಂಡು ಬರುತ್ತಿದ್ದ, ಕೊಟ್ಟವರು ನೋಡುತ್ತಿದ್ದರು, ಆಮೇಲೆ ಬಿಚ್ಚಿಡುತ್ತಿದ್ದ. ಗಂಟು ಜಾರುಗಂಟೇ. ರಂಗಕ್ಕೆ ಹೋಗುವ ಮುಂಚೆ ಮೈದುನ ಅಣ್ಣನನ್ನು ಬಣ್ಣದ ಮನೆಯ ಬಾಗಿಲ ಹತ್ತಿರ ಕರೆತಂದು, ಗಂಟನ್ನು ಒಂದು ಸಲ ಎಳೆದು ನನಗೆ ತೋರಿಸಿ, ಮತ್ತೆ ಕಟ್ಟುತ್ತಿದ್ದ. ನಾನು ಹೂಂ ಎಂದ ಮೇಲೆ ಮದ್ದಳೆ. ಆದರೂ ಆ ವಿಷಯ ಊರೂರಿಗೆ ಹರಡಿತ್ತು. ಕೊರಟಗೆರೆ ಕಡೆ ಹೋದರೂ ಶಿರಾ ಕಡೆ ಹೋದರೂ ಮಂತ್ರವಾದಿ ಬೆನ್ನಿಗೆ ಕೈ ತಿರುಗಿಸಿದ ಕೂಡಲೇ ಜನ ಎಲ್ಲಾ ಒಟ್ಟಿಗೆ "ನೂಕು" ಎಂದು ಕೂಗುತ್ತಿದ್ದರು. ಅವನು ಎಳೆದು ಬಿಚ್ಚುತ್ತಿದ್ದ.

ಆ ಮಂಗಳವಾರ ಉಣ್ಣೆ ಕತ್ತರಿಸಿದೆವು. ಮೈದುನ ಕಾಲು ಕಟ್ಟಿದ, ಗಂಡ ಕತ್ತರಿ ಹಿಡಿದ, ನಾನು ಉಣ್ಣೆ ಮೂಟೆ ಮಾಡಿದೆ. ಸಾಯಂಕಾಲಕ್ಕೆ ಎಲ್ಲಾ ಕುರಿಯೂ ಮುಗಿಯಿತು. ಮಳೆ ಬರುವ ಹಾಗಿತ್ತು, ಬರಲಿಲ್ಲ.